ಕಿವಿಯಿಂದ ಸೊಂಟಕ್ಕೆ

ಬೆನ್ನುಮೂಳೆ ಒತ್ತಿ 'ಲಟಕ್' ಅನ್ನಿಸುವ ಕೈರೋಪ್ರ್ಯಾಕ್ಟಿಕ್ ಇವತ್ತು ಸೊಂಟನೋವಿನ ಚಿಕಿತ್ಸೆ ಎಂದೇ ಹೆಸರುವಾಸಿ. ಅದು ಹುಟ್ಟಿದ್ದು ಮಾತ್ರ ಕಿವಿಯ ದೆಸೆಯಿಂದ.

1895ರ ಸೆಪ್ಟೆಂಬರ್. ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಕೈಸ್ಪರ್ಶದ 'ಕಾಂತಚಿಕಿತ್ಸೆ' ನಡೆಸುತ್ತಿದ್ದ. ಆ ಕಟ್ಟಡದ ಕೆಲಸಗಾರ ಹಾರ್ವೆ ಲಿಲ್ಲಾರ್ಡ್‌ಗೆ ಕಿವಿ ಮಂದ. ಹದಿನೇಳು ವರ್ಷದ ಹಿಂದೆ ಮುದುಡಿಕೊಂಡು ಕೆಲಸ ಮಾಡುವಾಗ ಬೆನ್ನಲ್ಲಿ ಏನೋ ಕಳಚಿದಂತಾಗಿ, ಆಮೇಲಿಂದ ಕೇಳಿಸುತ್ತಿರಲಿಲ್ಲವಂತೆ. ಪಾಮರ್ ಬೆನ್ನು ತಡವಿದ. ಉಬ್ಬಿದಂತಿದ್ದ ಮೂಳೆಯೊಂದನ್ನು ಅಂಗೈಯಿಂದ ನೂಕಿದ. ಕಿವಿ ಕೇಳಿಸಿತು ಎಂದು ಅವನೇ ಬರೆದುಕೊಂಡಿದ್ದಾನೆ. ಕಿವಿಯ ನರ ಬೆನ್ನುಮೂಳೆಯತ್ತ ಸುಳಿಯುವುದೇ ಇಲ್ಲ, ತಲೆಬುರುಡೆಯೊಳಗೇ ಮಿದುಳು ಸೇರುತ್ತದೆ. ಆದರೂ ಈ ಒಂದು ಪ್ರಸಂಗದ ಮೇಲೆ ಅವನು ಸಿದ್ಧಾಂತ ಕಟ್ಟಿದ: ಶೇ 95ರಷ್ಟು ಕಾಯಿಲೆಗಳಿಗೆ ಜರುಗಿದ ಬೆನ್ನುಮೂಳೆಗಳೇ ಕಾರಣ! 1897ರಲ್ಲಿ ಶಾಲೆ ತೆರೆದ. 1906ರಲ್ಲಿ ಪರವಾನಗಿ ಇಲ್ಲದೆ ವೈದ್ಯ ಮಾಡಿದ್ದಕ್ಕೆ ಜೈಲಿಗೂ ಹೋದ.

ಸಿದ್ಧಾಂತ ಬಿದ್ದಿತು, ಕೈಚಳಕ ಉಳಿಯಿತು. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮೇಲಿನ ಮಂಡಿ ಮಡಿಸಿ, ಭುಜವನ್ನೊಂದು ಕಡೆಗೆ, ಸೊಂಟವನ್ನು ಇನ್ನೊಂದು ಕಡೆಗೆ ತಿರುಚಿ ಬಿಗಿ ಹಿಡಿಯುತ್ತಾರೆ. ಆಮೇಲೆ ಗಬಕ್ಕನೆ ಒಂದು ನೂಕು. ಆಗ ಬರುವ ಸದ್ದು ಮೂಳೆ ಸ್ವಸ್ಥಾನಕ್ಕೆ ಮರಳಿದ್ದಲ್ಲ. ನಾವು ಬೆರಳಿನ ನೆಟಿಗೆ ಮುರಿದಾಗ ಆಗುವಂಥದ್ದೇ: ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯ ಆಟ.

ಹಾಗಾದರೆ ನೋವು? 2019ರಲ್ಲಿ 'ಬಿಎಂಜೆ' ಪತ್ರಿಕೆಯಲ್ಲಿ ಬಂದ ವಿಮರ್ಶೆ 47 ಪ್ರಯೋಗಗಳನ್ನು, 9,211 ಜನರನ್ನು ಒಟ್ಟಿಗೆ ನೋಡಿತು. ಹಳೆಯ ಸೊಂಟನೋವಿಗೆ ಈ ಚಿಕಿತ್ಸೆ ವ್ಯಾಯಾಮದಂಥ ಶಿಫಾರಸಾದ ಚಿಕಿತ್ಸೆಗಳಷ್ಟೇ ಕೆಲಸ ಮಾಡುತ್ತದೆ, ಅವಕ್ಕಿಂತ ಹೆಚ್ಚಿಲ್ಲ. ಬ್ರಿಟನ್ನಿನ 2016ರ ಮಾರ್ಗಸೂಚಿಯಂತೆ ಇದನ್ನು ಒಂಟಿಯಾಗಿ ಕೊಡುವಂತಿಲ್ಲ, ಜೊತೆಗೆ ವ್ಯಾಯಾಮ ಇರಲೇಬೇಕು.

ವ್ಯಾಯಾಮದಷ್ಟೇ ಕೆಲಸ ಮಾಡಿದರೂ ಅದು ಸಣ್ಣ ಲಾಭವಲ್ಲ. ವರ್ಷಗಟ್ಟಲೆ ನರಳಿದವರಿಗೆ ಒಂದಿಷ್ಟು ಹಗುರವಾದರೂ ದೊಡ್ಡದೇ. ನನ್ನ ತಕರಾರು 'ನಿಮ್ಮ ಮೂಳೆ ಜರುಗಿದೆ' ಎಂಬ ಮಾತಿನ ಬಗ್ಗೆ. ಅದನ್ನು ನಂಬಿದವರು ಬಗ್ಗಲು ಹೆದರುತ್ತಾರೆ, ಬಿಂದಿಗೆ ಎತ್ತಲು ಹೆದರುತ್ತಾರೆ. ಕೊನೆಗೆ ನಡೆಯುವುದನ್ನೂ ಬಿಡುತ್ತಾರೆ. ಹಳೆಯ ಸೊಂಟನೋವಿಗೆ ಬೇಕಾದದ್ದು ಆ ನಡಿಗೆಯೇ. ಕಾಲು ಮರಗಟ್ಟಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಮಾತ್ರ ಯಾರ ಕೈಗೂ ಬೆನ್ನು ಕೊಡದೆ ನೇರ ಆಸ್ಪತ್ರೆಗೆ ಹೋಗಬೇಕು, ಅದೂ ಅಂದೇ.