ಅಪಘಾತದ ಇಲೆಕ್ಟ್ರಿಕ್ ಕಾರು ರಿಪೇರಿ ಆಯ್ತು, ಚಾರ್ಜ್ ಯಾಕೆ ಆಗ್ತಿಲ್ಲ? ಬಿಡಿಭಾಗ ತರಿಸುವ ಮುಂಚೆ ನೋಡಬೇಕಾದದ್ದು

ಅಮೆರಿಕದಲ್ಲಿ ಅಪಘಾತವಾಗಿ ಅಥವಾ ನೆರೆನೀರಿಗೆ ಸಿಕ್ಕಿ ಇನ್ಶೂರೆನ್ಸ್ ಕಂಪೆನಿ ಕೈಬಿಟ್ಟ ಕಾರುಗಳು ಹರಾಜಿನಲ್ಲಿ ಮಾರಾಟವಾಗಿ, ಕಂಟೈನರ್ ಏರಿ ಯುಎಇಗೆ ಬರುವುದು ಹೊಸ ಸಂಗತಿ ಅಲ್ಲ. ಇಂಥ ಕಾರಿಗೆ ಅಲ್ಲಿ 'ಸಾಲ್ವೇಜ್' ಎಂಬ ದಾಖಲೆ ಅಂಟಿಕೊಂಡಿರುತ್ತದೆ. ಶಾರ್ಜಾ, ಅಜ್ಮಾನ್‌ನ ಗ್ಯಾರೇಜುಗಳಲ್ಲಿ ಇವು ಬಾಡಿ ಕೆಲಸ, ಪೈಂಟ್ ಮುಗಿಸಿ ಮತ್ತೆ ರಸ್ತೆಗೆ ಇಳಿಯುತ್ತವೆ. ಈ ವ್ಯಾಪಾರದಲ್ಲಿ ಕರಾವಳಿಯವರೂ ಇದ್ದಾರೆ. ಪೆಟ್ರೋಲ್ ಕಾರಿನ ಲೆಕ್ಕ ಅವರಿಗೆ ಬಾಯಿಪಾಠ. ಆದರೆ ಈಗ ಬರುವ ಕಂಟೈನರ್‌ಗಳಲ್ಲಿ ಟೆಸ್ಲಾ, ನಿಸ್ಸಾನ್ ಲೀಫ್‌ನಂಥ ಇಲೆಕ್ಟ್ರಿಕ್ ಕಾರುಗಳೂ ಇವೆ. ಇವುಗಳ ಲೆಕ್ಕವೇ ಬೇರೆ.

ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: 'ಕಾರು ಚಂದ ಉಂಟು, ಚಾರ್ಜ್ ಮಾತ್ರ ಆಗೋದಿಲ್ಲ.' ಆಗ ಯಾರೋ ಒಬ್ಬರು ಚಾರ್ಜರ್ ಹೋಗಿದೆ ಅನ್ನುತ್ತಾರೆ, ಇನ್ನೊಬ್ಬರು ಬ್ಯಾಟರಿಯೇ ಹೋಗಿದೆ ಅನ್ನುತ್ತಾರೆ. ಸಾವಿರಾರು ದಿರ್ಹಮಿನ ಬಿಡಿಭಾಗ ತರಿಸಿ ಹಾಕಿದ ಮೇಲೂ ಸಮಸ್ಯೆ ಹಾಗೆಯೇ ಉಳಿಯುತ್ತದೆ. ದುಡಿದು ಕೂಡಿಟ್ಟ ಹಣ ನಾಲ್ಕು ಚಕ್ರದ ಮೇಲೆ ನಿಂತುಬಿಡುತ್ತದೆ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆ ಮೊದಲು, ದುಬಾರಿ ಪರೀಕ್ಷೆ ಕೊನೆಗೆ ಎಂಬ ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು.

ಚಾರ್ಜಿಂಗ್ ನಡೆಯುವುದು ಹೇಗೆ?

ಬ್ಯಾಟರಿಗೆ ಬೇಕಾದದ್ದು ಡಿಸಿ ಕರೆಂಟು. ಮನೆಯ ಪ್ಲಗ್‌ನಲ್ಲಿ ಬರುವುದು ಎಸಿ. ಎಸಿಯನ್ನು ಡಿಸಿ ಮಾಡುವ ಚಾರ್ಜರ್ ನಿಜವಾಗಿ ಇರುವುದು ಕಾರಿನ ಒಳಗೆ. ಗೋಡೆಗೆ ಹಾಕಿರುವ ಪೆಟ್ಟಿಗೆ ಕರೆಂಟನ್ನು ಸುರಕ್ಷಿತವಾಗಿ ಬಿಡುವ ಸ್ವಿಚ್ ಅಷ್ಟೆ. ಫಾಸ್ಟ್ ಚಾರ್ಜಿಂಗ್ ಸ್ಟೇಶನ್‌ನಲ್ಲಿ ಮಾತ್ರ ಎಸಿಯನ್ನು ಡಿಸಿ ಮಾಡುವ ಯಂತ್ರ ಹೊರಗೆ ಇರುತ್ತದೆ. ಅಲ್ಲಿ ಕರೆಂಟು ಕಾರಿನ ಚಾರ್ಜರ್ ಬಿಟ್ಟು ನೇರ ಬ್ಯಾಟರಿಗೆ ಹೋಗುತ್ತದೆ.

ಈ ಎಲ್ಲದರ ಮೇಲೆ ಕಣ್ಣಿಡುವುದು ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಕಂಪ್ಯೂಟರ್. ಸಣ್ಣ ಸಂಶಯ ಬಂದರೂ ಅದು ಬಾಗಿಲು ಹಾಕುತ್ತದೆ. ಹಾಗಾಗಿ 'ಚಾರ್ಜ್ ಆಗ್ತಿಲ್ಲ' ಎಂದರೆ ಹಲವು ಸಲ ಯಾವುದೋ ಭಾಗ ಸುಟ್ಟಿದೆ ಎಂದಲ್ಲ, ಕಾರು ತಾನಾಗಿ ಬೇಡ ಅನ್ನುತ್ತಿದೆ ಎಂದು ಅರ್ಥ. ಯಾಕೆ ಬೇಡ ಅನ್ನುತ್ತಿದೆ ಎಂಬುದೇ ಕಂಡುಹಿಡಿಯಬೇಕಾದ ವಿಷಯ.

ಮೊದಲ ಪ್ರಶ್ನೆ: ಕಾರು ಓಡುತ್ತದಾ?

ಕಾರು ಓಡುತ್ತದೆ, ಆದರೆ ಚಾರ್ಜ್ ಆಗುವುದಿಲ್ಲ ಅಂತಾದರೆ ದೊಡ್ಡ ಬ್ಯಾಟರಿಯ ಮುಖ್ಯ ಫ್ಯೂಸ್, ಅದನ್ನು ಜೋಡಿಸುವ ಕಾಂಟ್ಯಾಕ್ಟರ್‌ಗಳು ಸರಿ ಇವೆ ಎಂದಾಯಿತು. ಹುಡುಕಬೇಕಾದದ್ದು ಪ್ಲಗ್, ಪೋರ್ಟ್, ಕಾರಿನ ಚಾರ್ಜರ್, ಈ ಮೂರರ ನಡುವೆ. ಓಡುವುದೂ ಇಲ್ಲ, ಚಾರ್ಜೂ ಇಲ್ಲ ಎಂದರೆ ಮೂಲದಲ್ಲೇ ತಡೆ ಉಂಟು. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೊಂದು ಪ್ರಶ್ನೆ: ಎಸಿಯಲ್ಲಿ ಆಗುತ್ತಾ, ಡಿಸಿಯಲ್ಲಿ ಆಗುತ್ತಾ? ಡಿಸಿ ಆಗಿ ಎಸಿ ಆಗದಿದ್ದರೆ ಒಳಗಿನ ಚಾರ್ಜರ್ ಮೇಲೆ ಅಥವಾ ಮನೆಯ ಲೈನ್ ಮೇಲೆ ಸಂಶಯ. ಎಸಿ ಆಗಿ ಡಿಸಿ ಆಗದಿದ್ದರೆ ಪೋರ್ಟ್, ಅಡಾಪ್ಟರ್ ಅಥವಾ ಕಂಪೆನಿಯ ಸಾಫ್ಟ್‌ವೇರ್ ತಡೆಯ ಮೇಲೆ ಸಂಶಯ.

ದೋಷವೇ ಅಲ್ಲದ ದೋಷಗಳು

* ಟೈಮರ್: ಹಳೆಯ ಮಾಲಕ ರಾತ್ರಿ ಇಂತಿಷ್ಟು ಗಂಟೆಗೆ ಚಾರ್ಜ್ ಶುರುವಾಗಲಿ ಎಂದು ಟೈಮರ್ ಇಟ್ಟಿರಬಹುದು. ಶೇ. 50ಕ್ಕೇ ನಿಲ್ಲಲಿ ಎಂದು ಮಿತಿ ಹಾಕಿರಬಹುದು. ಸೆಟ್ಟಿಂಗ್ ತೆರೆದು ಎರಡನ್ನೂ ತೆಗೆದುಹಾಕಿ ನೋಡಿ. ಒಂದು ಪೈಸೆ ಖರ್ಚಿಲ್ಲ.

* ಒಂದೇ ಫೇಸ್: ಅಮೆರಿಕದ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಂಗಲ್ ಫೇಸ್ ಚಾರ್ಜರ್. ದುಬೈಯ 22 ಕಿಲೋವಾಟ್‌ನ ತ್ರೀ ಫೇಸ್ ಸ್ಟೇಶನ್‌ಗೆ ಹಾಕಿದರೆ ಅದು ಎಳೆಯುವುದು ಒಂದೇ ಫೇಸ್. 230 ವೋಲ್ಟ್, 32 ಆಂಪಿಯರ್ ಗುಣಿಸಿದರೆ ಸುಮಾರು 7.3 ಕಿಲೋವಾಟ್. '22ರ ಜಾಗದಲ್ಲಿ 7 ಬರ್ತಿದೆ, ಚಾರ್ಜರ್ ಹಾಳು' ಎಂದು ಬದಲಾಯಿಸಿದರೆ ಹಣ ಹೋಯಿತು, ಸಿಗುವುದು ಅದೇ 7. 2011-12ರ ಲೀಫ್ ಆದರೆ ಅದರ ಚಾರ್ಜರ್ ಶಕ್ತಿಯೇ 3.3 ಕಿಲೋವಾಟ್.

* ನಿಧಾನ: 10 ಆಂಪಿಯರ್‌ನ ಪೋರ್ಟಬಲ್ ಕೇಬಲ್‌ನಲ್ಲಿ ಗಂಟೆಗೆ ಬರುವುದು 2.3 ಯೂನಿಟ್. 40 ಯೂನಿಟ್‌ನ ಬ್ಯಾಟರಿ ಖಾಲಿಯಿಂದ ತುಂಬಲು 17 ಗಂಟೆಗೂ ಹೆಚ್ಚು ಬೇಕು. ಇದು ಲೆಕ್ಕ, ದೋಷ ಅಲ್ಲ.

ಮನೆಯ ಅರ್ಥಿಂಗ್

ಪೋರ್ಟಬಲ್ ಕೇಬಲ್‌ನ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿದರೆ ಕಾರನ್ನು ಬಿಟ್ಟು ಪ್ಲಗ್ ನೋಡಿ. ಅರ್ಥಿಂಗ್ ಇಲ್ಲದಿದ್ದರೆ ಹೆಚ್ಚಿನ ಪೆಟ್ಟಿಗೆಗಳು ಕರೆಂಟು ಬಿಡುವುದೇ ಇಲ್ಲ. ಇಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ನೋಡಲಿ: ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್‌ಗಿಂತ ಹೆಚ್ಚು ಇರಬಾರದು. ದೀಪ ನಂದಿಸಲಿಕ್ಕೆಂದು ಅರ್ಥ್ ಪಿನ್ನಿಗೆ ನ್ಯೂಟ್ರಲ್ ತಂತಿ ಜೋಡಿಸುವ 'ಉಪಾಯ' ಕೆಲವರು ಹೇಳಿಕೊಡುತ್ತಾರೆ. ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಕಾರಿನ ಇಡೀ ಬಾಡಿಗೆ ಕರೆಂಟು ಬರುತ್ತದೆ. ಮಕ್ಕಳು ಮುಟ್ಟುವ ಕಾರು ಅದು. ಎಂದಿಗೂ ಮಾಡಬಾರದು.

ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ ಮುಟ್ಟಲಾಗದಷ್ಟು ಬಿಸಿ ಇದ್ದರೆ ಸಾಕೆಟ್ ಬದಲಾಯಿಸಬೇಕು.

ಸಣ್ಣ ಬ್ಯಾಟರಿಯ ದೊಡ್ಡ ಆಟ

ಇಲೆಕ್ಟ್ರಿಕ್ ಕಾರಿನಲ್ಲೂ 12 ವೋಲ್ಟ್‌ನ ಸಣ್ಣ ಬ್ಯಾಟರಿ ಉಂಟು. ಕಂಪ್ಯೂಟರ್‌ಗಳಿಗೆ ಜೀವ ಕೊಡುವುದು, ದೊಡ್ಡ ಬ್ಯಾಟರಿಯ ಕಾಂಟ್ಯಾಕ್ಟರ್ ಎಳೆಯುವುದು ಅದೇ. ಹರಾಜಿನ ಅಂಗಳದಲ್ಲಿ, ಹಡಗಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇದು ಸತ್ತಿರುವುದೇ ಹೆಚ್ಚು. ಇದು ಬಲಹೀನವಾದರೆ ಪರದೆಯ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಎಚ್ಚರಿಕೆಗಳು ಬರುತ್ತವೆ, ಚಾರ್ಜ್ ಶುರುವಾಗುವುದಿಲ್ಲ. ಹಳೆಯ ಎರರ್ ಓದಿ ಗಾಬರಿಯಾಗುವ ಮುಂಚೆ ಒಳ್ಳೆಯ 12 ವೋಲ್ಟ್ ಬ್ಯಾಟರಿ ಹಾಕಿ, ಎರರ್ ಅಳಿಸಿ, ಯಾವುದು ಮತ್ತೆ ಬರುತ್ತದೆ ನೋಡಿ. ಮತ್ತೆ ಬಂದದ್ದು ಮಾತ್ರ ನಿಜವಾದ ದೋಷ.

ಪೆಟ್ಟು ಬಿದ್ದದ್ದು ಎಲ್ಲಿ?

ಮೊದಲ ಎರಡು ತಲೆಮಾರಿನ ಲೀಫ್‌ನ ಚಾರ್ಜಿಂಗ್ ಪೋರ್ಟ್ ಇರುವುದು ಮೂಗಿನಲ್ಲಿ. 2013ರಿಂದ ಅದರ ಚಾರ್ಜರ್ ಕೂಡಾ ಹಿಂದಿನ ಸೀಟಿನ ಬಳಿಯಿಂದ ಬಾನೆಟ್ ಕೆಳಗೆ ಬಂತು. ಹಾಗಾಗಿ ಮುಂದಿನಿಂದ ಗುದ್ದಿದ ಲೀಫ್‌ನಲ್ಲಿ ಎರಡೂ ಅಪಾಯದಲ್ಲಿ. ಟೆಸ್ಲಾದ ಪೋರ್ಟ್ ಎಡಗಡೆಯ ಹಿಂದಿನ ಲೈಟಿನ ಹತ್ತಿರ. ಹಿಂದಿನಿಂದ ಗುದ್ದಿಸಿಕೊಂಡ ಟೆಸ್ಲಾದಲ್ಲಿ ಮೊದಲು ನೋಡಬೇಕಾದ್ದು ಅಲ್ಲಿ.

ಪೋರ್ಟ್‌ನಲ್ಲಿ ದಪ್ಪ ಪಿನ್‌ಗಳ ಜೊತೆ ಎರಡು ಸಣ್ಣ ಪಿನ್ ಇರುತ್ತವೆ. ಒಂದು, ಪ್ಲಗ್ ಸರಿಯಾಗಿ ಕೂತಿದೆಯಾ ಎಂದು ತಿಳಿಸುತ್ತದೆ. ಅಮೆರಿಕದ ಟೈಪ್-1 ಪ್ಲಗ್‌ನಲ್ಲಿ ಇದು ಬಟನ್‌ಗೆ ಜೋಡಿಸಿದ ಸ್ವಿಚ್. ಡೆಂಟ್ ತೆಗೆದ ಮೇಲೆ ಪೋರ್ಟ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಕೊಕ್ಕೆ ಪೂರ್ತಿ ಕೂರುವುದಿಲ್ಲ. ಬಟನ್ ಒತ್ತಿ ಹಿಡಿದಿದ್ದಾರೆ ಎಂದೇ ಕಾರು ತಿಳಿಯುತ್ತದೆ, ಚಾರ್ಜ್ ಬಿಡುವುದಿಲ್ಲ.

ಇನ್ನೊಂದು ಪಿನ್, ಪೆಟ್ಟಿಗೆ ಮತ್ತು ಕಾರು ಮಾತಾಡುವ ತಂತಿ. ಇದರ ವೋಲ್ಟೇಜ್ ಓದಿದರೆ ತಪ್ಪು ಯಾರ ಕಡೆ ಎಂದು ಗೊತ್ತಾಗುತ್ತದೆ. ಪ್ಲಗ್ ಹಾಕದಾಗ 12 ವೋಲ್ಟ್. ಹಾಕಿದಾಗ 9ಕ್ಕೆ ಇಳಿಯಬೇಕು. ಕಾರು 'ನಾನು ರೆಡಿ' ಅಂದಾಗ 6ಕ್ಕೆ ಇಳಿಯಬೇಕು. 12ರಲ್ಲೇ ನಿಂತರೆ ಕಾರು ಬಂದದ್ದೇ ಪೆಟ್ಟಿಗೆಗೆ ಗೊತ್ತಾಗಿಲ್ಲ, ಪೋರ್ಟ್ ಅಥವಾ ತಂತಿ ತುಂಡಾಗಿದೆ. 9ರಲ್ಲಿ ನಿಂತರೆ ತಂತಿ ಸರಿ ಉಂಟು, ಕಾರೇ ಒಪ್ಪುತ್ತಿಲ್ಲ. 6ಕ್ಕೆ ಬಂದೂ ಕರೆಂಟು ಬರದಿದ್ದರೆ ಪೆಟ್ಟಿಗೆಯ ಮೇಲೆ ಸಂಶಯ. ಇದನ್ನು ಸುರಕ್ಷಿತವಾಗಿ ಓದಲು ಮಧ್ಯೆ ಸಿಕ್ಕಿಸುವ ಟೆಸ್ಟರ್ ಸಿಗುತ್ತದೆ. ನೇರ ಪಿನ್ನಿಗೆ ಕಡ್ಡಿ ತೂರಿಸಬಾರದು.

ಅಮೆರಿಕದ ಪೋರ್ಟ್‌ಗೂ ಗಲ್ಫಿನ ಟೈಪ್-2 ಪ್ಲಗ್‌ಗೂ ಹೊಂದುವುದಿಲ್ಲವಾದ್ದರಿಂದ ನಡುವೆ ಅಡಾಪ್ಟರ್ ಇರುತ್ತದೆ. ಅಗ್ಗದ ಅಡಾಪ್ಟರ್ ಸಡಿಲವಾಗಿ ದೋಷ ಬರುವುದೂ ಉಂಟು. ಬೇರೊಂದು ಹಾಕಿ ನೋಡುವುದು ಸುಲಭ.

ಅಪಘಾತದ ನೆನಪು

ಏರ್‌ಬ್ಯಾಗ್ ತೆರೆದ ಕಾರಿನಲ್ಲಿ ಓಡುವುದೂ ಇಲ್ಲ, ಚಾರ್ಜೂ ಇಲ್ಲ ಎಂಬ ಸ್ಥಿತಿ ಸಾಮಾನ್ಯ. ಟೆಸ್ಲಾ ಮಾಡೆಲ್ 3ರಂಥ ಕಾರುಗಳಲ್ಲಿ ಅಪಘಾತದ ಕ್ಷಣದಲ್ಲಿ ಸಣ್ಣ ಸಿಡಿಮದ್ದಿನಿಂದ ತುಂಡಾಗುವ ಫ್ಯೂಸ್ ಇದೆ. ಒಮ್ಮೆ ಸಿಡಿದರೆ ಹೊಸದೇ ಹಾಕಬೇಕು, ತಂತಿ ಸುತ್ತಿ ಜೋಡಿಸುವ ವಸ್ತು ಅಲ್ಲ. ಏರ್‌ಬ್ಯಾಗ್ ಕಂಪ್ಯೂಟರ್‌ನಲ್ಲಿ ಅಪಘಾತದ ದಾಖಲೆ ಉಳಿದಿದ್ದರೂ ಕಾರು ಏಳದಿರಬಹುದು.

ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳ ಕನೆಕ್ಟರ್‌ಗಳಲ್ಲಿ ಒಂದು ತೆಳು ತಂತಿಯ ಸರಪಳಿಯೂ ಹಾದುಹೋಗುತ್ತದೆ. ಒಂದೇ ಒಂದು ಕನೆಕ್ಟರ್ ಪೂರ್ತಿ ಕೂರದಿದ್ದರೂ ಸರಪಳಿ ತುಂಡು, ಇಡೀ ವ್ಯವಸ್ಥೆ ಬಂದ್. ರಿಪೇರಿಯ ನಂತರ ಶುರುವಾದ ಸಮಸ್ಯೆಗೆ ಹಲವು ಸಲ ಇದೇ ಕಾರಣ.

ಎಸಿ ಗ್ಯಾಸ್ ತುಂಬಿಸಿದ ಮೇಲೆ ಚಾರ್ಜ್ ನಿಂತರೆ?

ಕೇಳಲು ವಿಚಿತ್ರ, ಆದರೆ ಕಾರಣ ಸರಳ. ಹೈ ವೋಲ್ಟೇಜ್ ಲೈನ್ ಕಾರಿನ ಬಾಡಿಗೆ ಎಲ್ಲೂ ತಾಗಿರಬಾರದು. ಎಲ್ಲಾದರೂ ಸೋರಿಕೆ ಕಂಡರೆ ಬಿಎಂಎಸ್ ಚಾರ್ಜ್ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಹಿಡಿಯುವ ಅಳತೆ ಪ್ರತಿ ವೋಲ್ಟ್‌ಗೆ 500 ಓಮ್, ಅಂದರೆ 400 ವೋಲ್ಟ್‌ನ ಬ್ಯಾಟರಿಗೆ ಕನಿಷ್ಠ 2 ಲಕ್ಷ ಓಮ್ ತಡೆ ಇರಬೇಕು.

ಮುಂದಿನಿಂದ ಗುದ್ದಿದ ಕಾರಿನಲ್ಲಿ ಎಸಿ ಕಂಡೆನ್ಸರ್ ಬದಲಾಯಿಸಿ ಗ್ಯಾಸ್ ತುಂಬಿಸುತ್ತಾರೆ. ಇಲೆಕ್ಟ್ರಿಕ್ ಕಾರಿನ ಕಂಪ್ರೆಸರ್ ಓಡುವುದು ಹೈ ವೋಲ್ಟೇಜಿನಲ್ಲಿ, ಮೋಟಾರ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಅದಕ್ಕೆ ಕರೆಂಟು ಹರಿಯಗೊಡದ ಪಿಒಇ ಆಯಿಲ್ ಬೇಕು. ಪೆಟ್ರೋಲ್ ಕಾರಿಗೆ ಹಾಕುವ ಪಿಎಜಿ ಆಯಿಲ್ ಸೇರಿದರೆ ಸೋರಿಕೆ ಶುರು. ಬೈಯಿಸಿಕೊಳ್ಳುವುದು ಚಾರ್ಜರ್, ತಪ್ಪು ಆಯಿಲಿನದು. ಕಂಪ್ರೆಸರ್, ಹೀಟರ್, ಚಾರ್ಜರ್‌ಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆದರೆ ಕಳ್ಳ ಸಿಗುತ್ತಾನೆ. ಈ ಕೆಲಸ ತರಬೇತಿ ಆದವರದ್ದು ಮಾತ್ರ.

ಚಾರ್ಜ್ ಶುರುವಾದ ಕೂಡಲೇ ಮನೆಯ ಆರ್‌ಸಿಸಿಬಿ ಬೀಳುತ್ತಿದ್ದರೆ ಪೋರ್ಟ್‌ನಲ್ಲಿ ನೀರು ಅಥವಾ ಚಾರ್ಜರ್ ಒಳಗೆ ಸೋರಿಕೆ ಇರಬಹುದು. ಆರ್‌ಸಿಸಿಬಿ ತಪ್ಪಿಸಿ ಲೈನ್ ಕೊಡುವುದು ಪರಿಹಾರ ಅಲ್ಲ.

ಶುರುವಾಗಿ ನಡುವೆ ನಿಂತರೆ

ಮೊದಲ ತಲೆಮಾರಿನ ಲೀಫ್‌ನ ಬ್ಯಾಟರಿಯಲ್ಲಿ 96 ಜೋಡಿ ಸೆಲ್‌ಗಳು ಸಾಲಾಗಿವೆ. ಅದರಲ್ಲಿ ಒಂದು ಜೋಡಿ ಮೊದಲೇ ತುಂಬಿದರೂ ಬಿಎಂಎಸ್ ಇಡೀ ಚಾರ್ಜ್ ನಿಲ್ಲಿಸುತ್ತದೆ. ಬೇರೆ ಕಾರಿನ ಮಾಡ್ಯೂಲ್ ತೆಗೆದು ಹಾಕಿದ ಬ್ಯಾಟರಿಯಲ್ಲಿ ಹೀಗಾಗುವುದು ಹೆಚ್ಚು. ಒಬಿಡಿ ಡಾಂಗಲ್ ಮತ್ತು ಲೀಫ್ ಸ್ಪೈ ಆ್ಯಪ್ ಇದ್ದರೆ ಪ್ರತಿ ಜೋಡಿಯ ವೋಲ್ಟೇಜ್ ಮೊಬೈಲಿನಲ್ಲೇ ಕಾಣುತ್ತದೆ. ಟೆಸ್ಲಾಗೆ ಸ್ಕ್ಯಾನ್ ಮೈ ಟೆಸ್ಲಾ ಉಂಟು. ಎಲ್ಲ ಸಮವಾಗಿದ್ದು ಒಂದೆರಡು ಮಾತ್ರ ಎದ್ದು ಕಂಡರೆ ಸಮಸ್ಯೆ ಅಲ್ಲಿದೆ.

ಇನ್ನೊಂದು ಕಾರಣ ಬಿಸಿ. ಟೆಸ್ಲಾದಲ್ಲಿ ಬ್ಯಾಟರಿ ತಂಪು ಮಾಡುವುದು ಕೂಲಂಟ್. ಪೈಪ್ ಬಿಚ್ಚಿ ಹಾಕಿದಾಗ ಒಳಗೆ ಗಾಳಿ ಉಳಿದರೆ, ಪಂಪ್ ಕೆಟ್ಟರೆ ಚಾರ್ಜಿಂಗ್ ವೇಗ ಇಳಿಯುತ್ತಾ ಕೊನೆಗೆ ನಿಲ್ಲುತ್ತದೆ. ಮೊದಲ ಎರಡು ತಲೆಮಾರಿನ ಲೀಫ್‌ನಲ್ಲಿ ಕೂಲಂಟ್‌ನಿಂದ ಬ್ಯಾಟರಿ ತಂಪು ಮಾಡುವ ವ್ಯವಸ್ಥೆಯೇ ಇಲ್ಲ. ಗಲ್ಫಿನ ಬೇಸಗೆಯಲ್ಲಿ ಮಧ್ಯಾಹ್ನ ಬಿಟ್ಟು ರಾತ್ರಿ ಚಾರ್ಜ್ ಮಾಡಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ರಿಪೇರಿ ಆಗದ ಬಾಗಿಲು

ಸಾಲ್ವೇಜ್ ದಾಖಲೆಯ ಕಾರುಗಳಿಗೆ ಟೆಸ್ಲಾ ಸೂಪರ್‌ಚಾರ್ಜಿಂಗ್ ಸೌಲಭ್ಯ ನಿಲ್ಲಿಸುತ್ತದೆ. ಎಲ್ಲ ಭಾಗ ಸರಿ ಇದ್ದರೂ ಆಗ ಎಸಿ ಚಾರ್ಜೇ ಗತಿ. ಇದಲ್ಲದೆ ಅಮೆರಿಕದ ಕೆಲವು ಹಳೆಯ ಟೆಸ್ಲಾಗಳಿಗೆ ಸಿಸಿಎಸ್ ಸ್ಟೇಶನ್‌ಗಳ ಭಾಷೆಯೇ ಬರುವುದಿಲ್ಲ, ಪೋರ್ಟ್‌ನ ಕಂಟ್ರೋಲ್ ಬೋರ್ಡ್ ಬದಲಾಯಿಸಬೇಕಾಗುತ್ತದೆ. 'ಫಾಸ್ಟ್ ಚಾರ್ಜ್ ಆಗ್ತದೆ' ಎಂದು ಮಾರುವವರು ಹೇಳಿದರೆ ಸ್ಟೇಶನ್‌ಗೆ ಕರೆದುಕೊಂಡು ಹೋಗಿ ಮಾಡಿಸಿ ನೋಡಿ.

ನೀರಿಗೆ ಬಿದ್ದ ಕಾರು ಬೇಡ

2022ರಲ್ಲಿ ಇಯಾನ್ ಚಂಡಮಾರುತದ ನಂತರ ಫ್ಲೋರಿಡಾದಲ್ಲಿ ಉಪ್ಪುನೀರಿನಲ್ಲಿ ಮುಳುಗಿದ್ದ ಇಲೆಕ್ಟ್ರಿಕ್ ಕಾರುಗಳು ದಿನಗಳ ಬಳಿಕ ತಾವಾಗಿ ಹೊತ್ತಿಕೊಂಡವು. ಉಪ್ಪು ಒಳಗೆ ಉಳಿದು ಕ್ರಮೇಣ ಶಾರ್ಟ್ ಮಾಡುತ್ತದೆ. 2024ರ ಏಪ್ರಿಲ್ 16ರ ಮಳೆಯಲ್ಲಿ ಯುಎಇಯಲ್ಲೂ ಅನೇಕ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟ್ ಪೂರ್ತಿ ಎಳೆದು ಮಣ್ಣಿನ ಗೆರೆ ಇದೆಯಾ, ಕಾರ್ಪೆಟ್ ಅಡಿಯಲ್ಲಿ ತುಕ್ಕು ಇದೆಯಾ ನೋಡಬೇಕು. ಸಂಶಯ ಇದ್ದ ಕಾರನ್ನು ಮನೆ, ಬೇರೆ ಕಾರುಗಳಿಂದ 15 ಮೀಟರ್ ದೂರ ಬಯಲಲ್ಲಿ ನಿಲ್ಲಿಸಬೇಕು. ಬಿಲ್ಡಿಂಗ್‌ನ ಬೇಸ್‌ಮೆಂಟ್‌ನಲ್ಲಿ ಚಾರ್ಜಿಗೆ ಹಾಕಿ ಮಲಗುವುದು ನೆರೆಹೊರೆಯವರ ಜೀವದ ಜೊತೆ ಆಟ.

ಕಿತ್ತಳೆ ಕೇಬಲ್ ಮುಟ್ಟುವ ಮುಂಚೆ ಸರ್ವಿಸ್ ಡಿಸ್‌ಕನೆಕ್ಟ್ ತೆಗೆದು, ಕಂಪೆನಿ ಹೇಳಿದಷ್ಟು ಹೊತ್ತು ಕಾದು, 1000 ವೋಲ್ಟ್ ತಡೆಯುವ ಗ್ಲೌಸ್ ಹಾಕಿ, ವೋಲ್ಟೇಜ್ ಸೊನ್ನೆ ಎಂದು ಅಳೆದು ನೋಡಬೇಕು. ಇದು ಗೊತ್ತಿಲ್ಲದ ಗ್ಯಾರೇಜಿಗೆ ಕಾರು ಬಿಡಬಾರದು, ಗೊತ್ತಿಲ್ಲದ ಹುಡುಗರನ್ನು ಈ ಕೆಲಸಕ್ಕೆ ಹಚ್ಚಬಾರದು.

ಊರಿನವರಿಗೆ

ಎಡಗಡೆ ಸ್ಟೇರಿಂಗ್‌ನ ಈ ಹಳೆಯ ಕಾರುಗಳನ್ನು ವ್ಯಾಪಾರಕ್ಕೆಂದು ಭಾರತಕ್ಕೆ ತರಲು ನಿಯಮ ಬಿಡುವುದಿಲ್ಲ. ಆದರೆ ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಎಂದು ಹರಾಜು ಹಾಕುವ ಇಲೆಕ್ಟ್ರಿಕ್ ಕಾರುಗಳು ಇಲ್ಲಿಯೂ ಸಿಗುತ್ತವೆ. ಮೇಲಿನ ಪರೀಕ್ಷೆಗಳೆಲ್ಲ ಅವಕ್ಕೂ ಅನ್ವಯ.

ಹರಾಜಿನ ಬೆಲೆ ನೋಡಿ ಲಾಭ ಹಾಕಬಾರದು. ಬಿಡ್, ಹರಾಜು ಶುಲ್ಕ, ಹಡಗಿನ ಬಾಡಿಗೆ, ಯುಎಇ ಆದರೆ ಶೇ. 5 ಕಸ್ಟಮ್ಸ್, ಶೇ. 5 ವ್ಯಾಟ್, ಬಾಡಿ ಕೆಲಸ ಎಲ್ಲ ಕೂಡಿಸಿ, ಜೊತೆಗೆ ಇನ್ನೊಂದು ಬ್ಯಾಟರಿ ಬೇಕಾದರೆ ಎಷ್ಟು ಎಂದು ಪಕ್ಕದಲ್ಲಿ ಬರೆದಿಡಿ. ಬ್ಯಾಟರಿ ಹಾಕಿದರೂ ನಷ್ಟ ತಡೆದುಕೊಳ್ಳಬಹುದು ಎಂದಾದರೆ ಮಾತ್ರ ಕೈ ಹಾಕಿ. ಕೊಳ್ಳುವ ದಿನ ಕಾರನ್ನು ಒಂದು ಗಂಟೆ ಚಾರ್ಜಿಗೆ ಹಾಕಿ, ಎಷ್ಟು ಯೂನಿಟ್ ಏರಿತು ಎಂದು ಬರೆದುಕೊಂಡು, ಆಮೇಲೆ ಹಣ ಎಣಿಸಿ.