ಸಿ.ಎ. ಮತ್ತು ಕ್ಯಾಟ್: ಎರಡನ್ನೂ ಒಟ್ಟಿಗೆ ಓದಬಹುದೇ?

ಹೈದರಾಬಾದಿನ ಪೂರ್ವಭಾಗದಲ್ಲಿ, ವಿಜಯವಾಡದತ್ತ ಸಾಗುವ ಹೆದ್ದಾರಿಯ ಮೇಲಿರುವ ದಿಲ್‌ಸುಖ್‌ನಗರಕ್ಕೆ ಎರಡು ಮುಖಗಳಿವೆ. ಕೆಳಗೆ ಸೀರೆ, ಚಿನ್ನ, ಚಪ್ಪಲಿಗಳ ಅಂಗಡಿಗಳು. ಮೇಲಂತಸ್ತುಗಳಲ್ಲಿ ತರಬೇತಿ ಕೇಂದ್ರಗಳು. ಬ್ಯಾಂಕ್ ನೇಮಕಾತಿ, ರಾಜ್ಯ ಸರಕಾರದ ಗ್ರೂಪ್ ಪರೀಕ್ಷೆಗಳು, ಶಿಕ್ಷಕರ ಆಯ್ಕೆ, ಕಂಪ್ಯೂಟರ್ ಕೋರ್ಸು, ಸಿ.ಎ., ಎಂ.ಬಿ.ಎ. ಪ್ರವೇಶ, ಹೀಗೆ ಫಲಕಗಳಿಗೆ ಕೊನೆಯಿಲ್ಲ. ಚೈತನ್ಯಪುರಿ, ಕೊತ್ತಪೇಟೆ, ಮೂಸಾರಾಂಬಾಗ್ ಗಲ್ಲಿಗಳ ಹಾಸ್ಟೆಲುಗಳಲ್ಲಿ ಸಂಜೆಯ ಹೊತ್ತು ಕಿವಿಗೊಟ್ಟರೆ ತೆಲುಗಿನ ನಡುವೆ ಬೀದರ, ಕಲಬುರಗಿ, ಯಾದಗಿರಿ, ರಾಯಚೂರಿನ ಕನ್ನಡವೂ ಕೇಳಿಸುತ್ತದೆ. ಇದು ಹೊಸ ಸಂಗತಿಯಲ್ಲ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದ ನೆಲವೇ ಆಗಿದ್ದವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಆ ಕಡೆಯವರ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಗಡಿ ಬದಲಾದರೂ ಓದಲು ಬರುವ ದಾರಿ ಬದಲಾಗಲಿಲ್ಲ.

ಸಂಘದ ಕಾರ್ಯಕ್ರಮಗಳಿಗೆ ಬರುವ ಈ ಮಕ್ಕಳು ಮತ್ತು ಅವರ ಪೋಷಕರು, ನಾವು ಬ್ಯಾಂಕಿನವರೆಂದು ತಿಳಿದೊಡನೆ ಕೇಳುವ ಪ್ರಶ್ನೆಯೊಂದಿದೆ. ಸಿ.ಎ. ಓದುತ್ತಲೇ ಐ.ಐ.ಎಂ. ಪ್ರವೇಶಕ್ಕೆ ಬೇಕಾದ ಕ್ಯಾಟ್ ಪರೀಕ್ಷೆಗೂ ಸಿದ್ಧರಾಗಬಹುದೇ? ಎರಡು ದೋಣಿಯ ಮೇಲೆ ಕಾಲಿಟ್ಟಂತೆ ಆಗುವುದಿಲ್ಲವೇ? ಆಗಬಹುದು, ಆಗದೆಯೂ ಇರಬಹುದು. ದಿನದ ಗಂಟೆಗಳನ್ನು ಸಮನಾಗಿ ಹಂಚಿಕೊಳ್ಳುವುದರಲ್ಲಿ ಇದರ ಉತ್ತರವಿಲ್ಲ. ವರ್ಷದ ಯಾವ ತಿಂಗಳಲ್ಲಿ ಯಾವ ಪರೀಕ್ಷೆ ಯಜಮಾನ ಎಂಬುದನ್ನು ಮೊದಲೇ ನಿರ್ಧರಿಸುವುದರಲ್ಲಿದೆ ಎಂದು ನಮಗೆ ತೋರುತ್ತದೆ.

ಮೊದಲು ಇವೆರಡರ ಸ್ವಭಾವವನ್ನು ನೋಡೋಣ. ಕ್ಯಾಟ್ ಎರಡು ಗಂಟೆಯ ಪರೀಕ್ಷೆ. ಇಂಗ್ಲಿಷ್ ಗ್ರಹಿಕೆ, ದತ್ತಾಂಶ ಮತ್ತು ತರ್ಕ, ಗಣಿತ ಎಂಬ ಮೂರು ವಿಭಾಗಗಳಿಗೆ ತಲಾ 40 ನಿಮಿಷ. ಒಂದರಲ್ಲಿ ಉಳಿಸಿದ ಸಮಯವನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ. 2024 ಮತ್ತು 2025ರಲ್ಲಿ ಒಟ್ಟು 68 ಪ್ರಶ್ನೆಗಳಿದ್ದವು. ಸರಿಯುತ್ತರಕ್ಕೆ 3 ಅಂಕ. ಆಯ್ಕೆಗಳಿರುವ ಪ್ರಶ್ನೆಗೆ ತಪ್ಪುತ್ತರ ಕೊಟ್ಟರೆ 1 ಅಂಕ ಕಡಿತ. ಇಲ್ಲಿ ಅಂಕಕ್ಕಿಂತ ಪರ್ಸೆಂಟೈಲ್ ಮುಖ್ಯ, ಅಂದರೆ ಬರೆದವರಲ್ಲಿ ನೂರಕ್ಕೆ ಎಷ್ಟು ಮಂದಿಗಿಂತ ನೀವು ಮೇಲಿದ್ದೀರಿ ಎಂಬ ಲೆಕ್ಕ. ಈಚಿನ ವರ್ಷಗಳಲ್ಲಿ ಒಟ್ಟು ಅಂಕದ ಅರ್ಧವನ್ನೂ ಮುಟ್ಟದೆ 99 ಪರ್ಸೆಂಟೈಲ್ ಪಡೆದವರಿದ್ದಾರೆ. ಯಾವ ಪ್ರಶ್ನೆಯನ್ನು ಬಿಡಬೇಕೆಂಬ ವಿವೇಕವೇ ಈ ಪರೀಕ್ಷೆಯ ಜೀವಾಳ.

ಸಿ.ಎ. ಇದಕ್ಕೆ ತದ್ವಿರುದ್ಧ. ಅಂತಿಮ ಹಂತದಲ್ಲಿ ಎರಡು ಗುಂಪು, ಆರು ಪತ್ರಿಕೆ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಅಂಕ, ಗುಂಪಿನ ಮೊತ್ತದಲ್ಲಿ ಶೇ. 50 ಬಂದರೆ ಮಾತ್ರ ತೇರ್ಗಡೆ. ಐದರಲ್ಲಿ ಅದ್ಭುತವಾಗಿ ಬರೆದು ಒಂದರಲ್ಲಿ 38 ಬಂದರೂ ಆ ಪತ್ರಿಕೆಯ ಗುಂಪು ಹೋಯಿತು. ಪಠ್ಯದ ಯಾವ ಮೂಲೆಯನ್ನೂ ಬಿಡುವಂತಿಲ್ಲ. ಬಹುಪಾಲು ಉತ್ತರಗಳನ್ನು ಕೈಯಿಂದಲೇ ಬರೆಯಬೇಕು. ಲೆಕ್ಕದ ಹೆಜ್ಜೆಗಳಿಗೂ ಅಂಕವಿದೆ. ಹೀಗೆ ವರ್ಷಗಟ್ಟಲೆ ಪಳಗಿದ ವಿದ್ಯಾರ್ಥಿ ಕ್ಯಾಟ್ ಪರದೆಯ ಮುಂದೆ ಕುಳಿತಾಗ, ಹಿಡಿದ ಪ್ರಶ್ನೆಯನ್ನು ಬಿಡಲಾರದೆ ಎಂಟು ನಿಮಿಷ ಕಳೆದುಬಿಡುತ್ತಾನೆ. ಅವನಿಗೆ ಗಣಿತ ಬಾರದೆಂದಲ್ಲ, ಬಿಡುವುದು ಬಾರದು. ಆದ್ದರಿಂದ ಸಿ.ಎ. ವಿದ್ಯಾರ್ಥಿಗಳು ಕ್ಯಾಟ್‌ಗಾಗಿ ಹೊಸ ಪುಸ್ತಕಗಳನ್ನು ಕೊಳ್ಳುವುದಕ್ಕಿಂತ ಗಡಿಯಾರ ಇಟ್ಟುಕೊಂಡು ಮಾದರಿ ಪರೀಕ್ಷೆಗಳನ್ನು ಬರೆಯುವುದು ಮೇಲು. ಬರೆದಷ್ಟೇ ಹೊತ್ತು ಅದರ ಪರಿಶೀಲನೆಗೂ ಮೀಸಲಿರಬೇಕು.

ಈಗ ಪಂಚಾಂಗಕ್ಕೆ ಬರೋಣ. ದಶಕಗಳ ಕಾಲ ಸಿ.ಎ. ಪರೀಕ್ಷೆಗಳು ಮೇ ಮತ್ತು ನವೆಂಬರಿನಲ್ಲಿ ನಡೆಯುತ್ತಿದ್ದವು. ಕ್ಯಾಟ್ ಈಚೆಗೆ ನವೆಂಬರಿನ ಕೊನೆಯ ಭಾನುವಾರ ನಡೆಯುವ ಪರಿಪಾಠವಿದೆ. ಹೀಗಾಗಿ ನವೆಂಬರಿನ ಸಿ.ಎ. ಬರೆದವನಿಗೆ ಕ್ಯಾಟ್‌ಗೆ ಉಳಿಯುತ್ತಿದ್ದದ್ದು ಹೆಚ್ಚೆಂದರೆ ಎರಡು ವಾರ. 2024ರಲ್ಲಿ ಫೌಂಡೇಶನ್ ಮತ್ತು ಇಂಟರ್‌ಮೀಡಿಯೆಟ್, 2025ರಲ್ಲಿ ಅಂತಿಮ ಹಂತವೂ ವರ್ಷಕ್ಕೆ ಮೂರು ಸಲ, ಜನವರಿ, ಮೇ, ಸೆಪ್ಟೆಂಬರಿನಲ್ಲಿ ನಡೆಯುವಂತಾಯಿತು. ಇದರಿಂದ ಲೆಕ್ಕವೇ ಬದಲಾಗಿದೆ. ಸೆಪ್ಟೆಂಬರ್ ಮಧ್ಯಕ್ಕೆ ಅಂತಿಮ ಪರೀಕ್ಷೆ ಮುಗಿಸಿದವರಿಗೆ ಕ್ಯಾಟ್‌ಗೆ ಸುಮಾರು ಹತ್ತು ವಾರ ಸಿಗುತ್ತದೆ. ಎರಡನ್ನೂ ಬಯಸುವವರಿಗೆ ಇದಕ್ಕಿಂತ ಒಳ್ಳೆಯ ಸಂದು ಇಲ್ಲ. ಜನವರಿಯ ಪರೀಕ್ಷೆ ಬರೆಯುವವರಿಗಾದರೋ ಕ್ಯಾಟ್ ಮುಗಿದ ಮೇಲೆ ಐದಾರು ವಾರ ಮಾತ್ರ. ಅಂಥವರು ಆ ವರ್ಷ ಕ್ಯಾಟ್ ಆಸೆ ಬಿಡುವುದು ಲೇಸೆಂದೇ ನಮ್ಮ ಅಭಿಪ್ರಾಯ. ಮೇ ತಿಂಗಳಿನದು ಮೇಲ್ನೋಟಕ್ಕೆ ದೂರವೆನಿಸುತ್ತದೆ. ಆದರೆ ಕ್ಯಾಟ್ ಎಂಬುದು ನವೆಂಬರಿಗೆ ಮುಗಿಯುವುದಿಲ್ಲ. ಆಯ್ಕೆಯಾದವರಿಗೆ ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಲಿಖಿತ ಪ್ರಬಂಧ ಮತ್ತು ಸಂದರ್ಶನಗಳಿಗಾಗಿ ಊರೂರು ತಿರುಗಾಟವಿರುತ್ತದೆ. ಮೇ ಪರೀಕ್ಷೆಯ ಪುನರಾವರ್ತನೆಯ ಕಾಲವೂ ಅದೇ.

ಎರಡು ಸಣ್ಣ ವಿಷಯಗಳನ್ನು ಇಲ್ಲಿಯೇ ಹೇಳಿಬಿಡಬೇಕು. ಕ್ಯಾಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ತೆರೆದಿರುತ್ತದೆ. ಸೆಪ್ಟೆಂಬರಿನಲ್ಲಿ ಸಿ.ಎ. ಬರೆಯುವವರು ಅದನ್ನು ಮರೆತುಬಿಡುವ ಸಂಭವವೇ ಹೆಚ್ಚು. ಆಗಸ್ಟ್ ಮೊದಲ ವಾರದಲ್ಲೇ ತುಂಬಿಬಿಡಿ. ಇನ್ನೊಂದು, 60 ಅಂಕ ಬಂದ ಪತ್ರಿಕೆಗೆ ಸಿಗುವ ವಿನಾಯಿತಿ. ಅದು ಮುಂದಿನ ಮೂರು ಪರೀಕ್ಷೆಗಳವರೆಗೆ ಬರುತ್ತದೆ. ವರ್ಷಕ್ಕೆ ಎರಡು ಪರೀಕ್ಷೆಗಳಿದ್ದಾಗ ಮೂರೆಂದರೆ ಒಂದೂವರೆ ವರ್ಷ; ಈಗ ಅದು ಒಂದೇ ವರ್ಷದಲ್ಲಿ ಕರಗುತ್ತದೆ. ಕ್ಯಾಟ್‌ಗಾಗಿ ಒಂದು ಪರೀಕ್ಷೆ ಬಿಟ್ಟರೆ ಏನು ಹೋದೀತು ಎನ್ನುವವರು ಈ ಲೆಕ್ಕವನ್ನೂ ಹಾಕಬೇಕು.

ನಮಗೆ ಪರಿಚಯದ ಭಾಲ್ಕಿ ಕಡೆಯ ಹುಡುಗಿಯೊಬ್ಬಳು ಸೆಪ್ಟೆಂಬರಿನಲ್ಲಿ ಅಂತಿಮ ಪರೀಕ್ಷೆಯ ಎರಡೂ ಗುಂಪು ಬರೆದು ನವೆಂಬರಿನ ಕ್ಯಾಟ್‌ಗೆ ಕುಳಿತವಳು. ತೊಗರಿ ಬೆಳೆಯುವ ಅವಳ ತಂದೆ ನಮ್ಮಲ್ಲಿಗೆ ಬಂದು, “ಒಬ್ಬಾಕಿ ಮಗಳು, ಎರಡು ಪರೀಕ್ಷಾ. ಒಂದ್ ಬಿಡಂತ ನೀವರ ಹೇಳ್ರಿ ಸಾಹೇಬ್ರ” ಎಂದರು. ನಾವು ಹೇಳಲಿಲ್ಲ, ಏಕೆಂದರೆ ಅವಳ ಬಳಿ ಒಂದು ಚೀಟಿ ಇತ್ತು. ಸೆಪ್ಟೆಂಬರ್ ಪರೀಕ್ಷೆಯ ಫಲಿತಾಂಶ ನವೆಂಬರ್ ಮೊದಲ ವಾರದ ಹೊತ್ತಿಗೆ, ಅಂದರೆ ಕ್ಯಾಟ್‌ಗೆ ಮೂರು ವಾರ ಮೊದಲು ಬರುತ್ತದೆ. ಎರಡೂ ಗುಂಪು ಆದರೆ ಪೂರ್ಣ ಕ್ಯಾಟ್; ಒಂದು ಹೋದರೆ ಕ್ಯಾಟನ್ನು ಬರೆದು ಬರುವುದಷ್ಟೇ, ಆ ಮರುದಿನದಿಂದ ಜನವರಿಯ ಓದು; ಎರಡೂ ಹೋದರೆ ಕ್ಯಾಟ್ ಪ್ರವೇಶಪತ್ರವನ್ನೇ ತೆಗೆಯುವುದಿಲ್ಲ. ಇದನ್ನು ಅವಳು ಆಗಸ್ಟ್‌ನಲ್ಲೇ ಬರೆದು ಹಾಸ್ಟೆಲಿನ ಗೋಡೆಗೆ ಅಂಟಿಸಿದ್ದಳು. ಫಲಿತಾಂಶದ ದಿನದ ಸಂಕಟದಲ್ಲಿ ಯಾರೂ ಸರಿಯಾದ ತೀರ್ಮಾನ ಮಾಡಲಾರರು. ಒಂದು ಗುಂಪು ಹೋಯಿತು. ಅವಳು ಚೀಟಿಯಂತೆ ನಡೆದಳು.

ಎರಡನ್ನೂ ಹಿಡಿಯಲೇಬಾರದವರು ಯಾರೆಂದರೆ ಇಂಟರ್‌ಮೀಡಿಯೆಟ್ ದಾಟದವರು. ಕ್ಯಾಟ್ ಫಲಿತಾಂಶಕ್ಕೆ ಒಂದೇ ವರ್ಷದ ಆಯುಷ್ಯ. ಈಗ ಬರೆದು ಮುಂದೆ ಬಳಸುವೆನೆಂಬಂತಿಲ್ಲ. ಮೇಲಾಗಿ ಪದವಿಯಲ್ಲಿ ಶೇ. 50 ಅಂಕ ಬೇಕು, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಶೇ. 45. ಸಿ.ಎ. ಅರ್ಹತೆಯನ್ನೂ ನಿಗದಿತ ಅಂಕಗಳಿದ್ದರೆ ಒಪ್ಪುತ್ತಾರೆ. ವಿದೇಶದ ಅಥವಾ ಅನುಭವಿಗಳಿಗಾಗಿರುವ ಬಿಸಿನೆಸ್ ಸ್ಕೂಲುಗಳನ್ನು ನೋಡುವವರಿಗೆ ಜಿಮ್ಯಾಟ್ ಇದೆ. ಅದರ ಅಂಕಗಳು ಐದು ವರ್ಷ ಬಾಳುತ್ತವೆ. ಅಂಥವರು ಮೊದಲು ಸಿ.ಎ. ಮುಗಿಸಿ, ಕೆಲಸಕ್ಕೆ ಸೇರಿ, ನಿಧಾನವಾಗಿ ಬರೆಯಬಹುದು.

ಸಿ.ಎಫ್.ಎ. ಬಗ್ಗೆಯೂ ಕೇಳುವವರಿದ್ದಾರೆ. ಹೈದರಾಬಾದಿನ ಹಳಬರಿಗೆ ಈ ಅಕ್ಷರಗಳೆಂದರೆ 1984ರಲ್ಲಿ ಇಲ್ಲಿಯೇ ಹುಟ್ಟಿದ ಇಕ್ಫಾಯ್ ಸಂಸ್ಥೆಯ ನೆನಪು. ಆ ಹೆಸರಿಗಾಗಿ ಅಮೆರಿಕದ ಸಂಸ್ಥೆಯೊಡನೆ ನ್ಯಾಯಾಲಯದಲ್ಲಿ ವ್ಯಾಜ್ಯವೂ ನಡೆದಿತ್ತು. ಇಂದು ಮಕ್ಕಳು ಹೇಳುವುದು ಅಮೆರಿಕದ ಸಿ.ಎಫ್.ಎ. ಇನ್‌ಸ್ಟಿಟ್ಯೂಟಿನ ಪರೀಕ್ಷೆಯನ್ನು. ಅದರ ಮೊದಲ ಹಂತ ವರ್ಷಕ್ಕೆ ನಾಲ್ಕು ಸಲ, ಫೆಬ್ರವರಿ, ಮೇ, ಆಗಸ್ಟ್, ನವೆಂಬರಿನಲ್ಲಿ ಇರುತ್ತದೆ. 180 ಪ್ರಶ್ನೆ, ನಾಲ್ಕೂವರೆ ಗಂಟೆ, ತಪ್ಪಿಗೆ ಅಂಕ ಕಡಿತವಿಲ್ಲ. ಒಂದೊಂದು ಹಂತಕ್ಕೆ ಸುಮಾರು 300 ಗಂಟೆಗಳ ಓದು ಬೇಕೆಂಬುದು ವಾಡಿಕೆಯ ಅಂದಾಜು. ಕ್ಯಾಟ್ ಬರೆಯುವವರು ನವೆಂಬರಿನದನ್ನು ಬಿಟ್ಟು ಫೆಬ್ರವರಿ ಅಥವಾ ಮೇ ಆರಿಸಿಕೊಂಡರೆ ಆಯಿತು.

ದಿನಚರಿಯ ಮಾತು. ಯಜಮಾನ ಪರೀಕ್ಷೆಗೆ ದಿನದ ದೊಡ್ಡ ಪಾಲು ಕೊಟ್ಟರೂ, ಇನ್ನೊಂದನ್ನು ಪೂರ್ತಿ ಮುಚ್ಚಿಡಬಾರದು. ದೇವರ ಮನೆಯ ದೀಪದಂತೆ ಅದು ದಿನಕ್ಕೆ ಅರ್ಧ ಗಂಟೆಯಾದರೂ ಉರಿಯುತ್ತಿರಬೇಕು. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಮಾಡುವವರಿಗೆ ಈ ಅರ್ಧ ಗಂಟೆ ಎಲ್ಲಿಂದ ಬರಬೇಕು? 2018ರ ಸೆಪ್ಟೆಂಬರಿನಲ್ಲಿ ಎಲ್.ಬಿ. ನಗರದವರೆಗೆ ಮೆಟ್ರೊ ಬಂದಮೇಲೆ ದಿಲ್‌ಸುಖ್‌ನಗರದಿಂದ ನಾಂಪಲ್ಲಿ, ಖೈರತಾಬಾದಿಗೆ ಅರ್ಧ ಗಂಟೆಯೊಳಗಿನ ಪಯಣ. ಸೀಟು ಸಿಗುವುದು ಅಪರೂಪ. ಆದರೆ ನಿಂತುಕೊಂಡೇ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನು ಓದಿ ಅದರ ವಾದವನ್ನು ಮನಸ್ಸಿನಲ್ಲಿ ಎರಡು ವಾಕ್ಯಕ್ಕೆ ಇಳಿಸಬಹುದು. 2023ರ ಹೊಸ ಯೋಜನೆಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ; ಅದು ಮುಗಿದು ಅಂತಿಮ ಪರೀಕ್ಷೆಗೆ ಮುನ್ನ ಆರು ತಿಂಗಳ ಓದಿನ ಅವಧಿಯೂ ಉಂಟು. ಆ ಆರು ತಿಂಗಳನ್ನು ಸಿ.ಎ.ಗೇ ಕೊಡಬೇಕು. ಅದನ್ನು ಕ್ಯಾಟ್ ತರಗತಿಗಳಿಗೆ ಒಡೆಯುವುದು ನಮಗೆ ಒಪ್ಪಿಗೆಯಿಲ್ಲ.

ಪುಸ್ತಕಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೋಠಿಯ ಹಳೆಯ ಪುಸ್ತಕದ ಅಂಗಡಿಗಳು ಬಡವರ ಪಾಲಿನ ಸರಸ್ವತಿ. ಗಣಿತ, ತರ್ಕ, ಇಂಗ್ಲಿಷ್ ಪುಸ್ತಕಗಳು ಹತ್ತು ವರ್ಷ ಹಳೆಯವಾದರೂ ನಡೆಯುತ್ತವೆ. ತೆರಿಗೆಯ ಪುಸ್ತಕ ಮಾತ್ರ ಹಳೆಯದನ್ನು ಕೊಳ್ಳಬೇಡಿ. ಪ್ರತಿ ವರ್ಷದ ಬಜೆಟ್ ಕಾನೂನನ್ನು ತಿದ್ದುತ್ತದೆ. ಸಾಲದೆಂಬಂತೆ 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2025ರ ಹೊಸ ಕಾಯ್ದೆ ಬಂದಿದ್ದು, ಅದರ ಜಾರಿಯ ದಿನ 2026ರ ಏಪ್ರಿಲ್ 1. ಯಾವ ಪರೀಕ್ಷೆಗೆ ಯಾವ ಕಾನೂನು ಅನ್ವಯವೆಂಬುದನ್ನು ಸಿ.ಎ. ಸಂಸ್ಥೆಯ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು.

ಕನ್ನಡ ಮಾಧ್ಯಮದಿಂದ ಬಂದವರ ಕಷ್ಟ ಬೇರೆ. ಸಿ.ಎ.ಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು, ಕ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ. ಲೆಕ್ಕಶಾಸ್ತ್ರದ ಇಂಗ್ಲಿಷ್ ನಿಗದಿತ ಪದಗಳದ್ದು, ರೂಢಿಯಾಗಿಬಿಡುತ್ತದೆ. ಕ್ಯಾಟ್‌ನಲ್ಲಾದರೋ ತತ್ತ್ವಶಾಸ್ತ್ರ, ಇತಿಹಾಸ, ಪರಿಸರ, ಕಲೆ ಯಾವುದರ ಮೇಲಾದರೂ ಪ್ರಬಂಧ ಬಂದೀತು. ಇದನ್ನು ಮೂರು ತಿಂಗಳ ತರಗತಿ ಕಲಿಸಲಾರದು. ಕಲಾ ಪದವೀಧರರಾದ ನಮಗೆ ಇಲ್ಲಿ ಸ್ವಲ್ಪ ಪಕ್ಷಪಾತವಿದ್ದರೆ ಇರಲಿ: ಈ ವಿಭಾಗಕ್ಕೆ ವಾಣಿಜ್ಯದ ವಿದ್ಯಾರ್ಥಿಗಳು ಒಂದೆರಡು ವರ್ಷ ಮೊದಲೇ ಪಠ್ಯದ ಹೊರಗಿನ ಓದನ್ನು ಆರಂಭಿಸಬೇಕು. ಹಾಸ್ಟೆಲಿನ ಗದ್ದಲದಲ್ಲಿ ಆಗದಿದ್ದರೆ ಅಫ್ಜಲ್‌ಗಂಜಿನ ರಾಜ್ಯ ಕೇಂದ್ರ ಗ್ರಂಥಾಲಯವಿದೆ, 1891ರಲ್ಲಿ ಆಸಫಿಯಾ ಎಂಬ ಹೆಸರಿನಲ್ಲಿ ಆರಂಭವಾದದ್ದು.

ಕೊನೆಗೆ ಹಣ. ದಿಲ್‌ಸುಖ್‌ನಗರದ ಹಾಸ್ಟೆಲು, ಟಿಫಿನ್ ಸೆಂಟರ್, ಸಂಜೆಗೆ ಕರ್ರಿ ಪಾಯಿಂಟಿನ ಪಲ್ಯ, ಇವುಗಳ ಖರ್ಚನ್ನು ಹೇಗೋ ತೂಗಿಸಬಹುದು. ಸಿ.ಎ. ಓದಿನಲ್ಲಿ ಅಲ್ಪವಾದರೂ ಸ್ಟೈಪೆಂಡ್ ಇದೆ. ಹಳೆಯ ಐ.ಐ.ಎಂ.ಗಳ ಎರಡು ವರ್ಷದ ಶುಲ್ಕವಾದರೋ ಇಪ್ಪತ್ತು ಲಕ್ಷ ದಾಟಿದೆ. ಹೊಲ ಅಡವಿಡಬೇಕೇ ಎಂದು ತಂದೆ ತಾಯಿ ಕೇಳುತ್ತಾರೆ. ಬೇಕಿಲ್ಲ. ಇಂಥ ಉನ್ನತ ಸಂಸ್ಥೆಗಳಿಗೆ ಬ್ಯಾಂಕುಗಳು ಅಡಮಾನವಿಲ್ಲದೆ ಸಾಲ ಕೊಡುವ ರೂಢಿಯಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯೂ ಇದೇ ದಾರಿಯದು. ಆದರೆ ಆ ಹೆಸರುಗಳ ಹೊರಗಿನ, ಶುಲ್ಕ ಮಾತ್ರ ಅಷ್ಟೇ ಇರುವ ಕಾಲೇಜುಗಳಿಗೆ ಸಾಲ ಕೇಳಲು ಬಂದ ಸಿ.ಎ. ವಿದ್ಯಾರ್ಥಿಗಳಿಗೆ ನಾವು ಒಂದು ಪ್ರಶ್ನೆ ಕೇಳುವುದುಂಟು: ಸಿ.ಎ. ಮುಗಿಸಿದರೆ ಸಿಗುವ ಸಂಬಳಕ್ಕೂ ಈ ಎಂ.ಬಿ.ಎ. ನಂತರದ ಸಂಬಳಕ್ಕೂ ಇರುವ ಅಂತರ, ಸಾಲದ ಕಂತನ್ನಾದರೂ ತುಂಬೀತೇ? 2021ರಲ್ಲಿ ಯು.ಜಿ.ಸಿ. ಸಿ.ಎ.ಯನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಒಪ್ಪಿದೆಯೆಂಬುದೂ ಅನೇಕರಿಗೆ ಗೊತ್ತಿಲ್ಲ.

ಹೀಗೆ ಕೇಳಿದ ಮೇಲೆಯೂ ಎಂ.ಬಿ.ಎ. ಬೇಕೆನ್ನುವವರು ಸಂದರ್ಶನಕ್ಕೆ ಅದೇ ಪ್ರಶ್ನೆಯ ಉತ್ತರದೊಡನೆ ಹೋಗಲಿ. ಸಿ.ಎ. ಇರುವಾಗ ಇಲ್ಲಿಗೇಕೆ ಬಂದಿರಿ ಎಂದು ಆ ಮೇಜಿನಲ್ಲಿ ಖಂಡಿತ ಕೇಳುತ್ತಾರೆ. ಅದರ ಬೆನ್ನಿಗೇ ಮುಂದೂಡಿದ ತೆರಿಗೆಯ ಬಗೆಗೋ ಆಸ್ತಿ ಹೊಣೆ ಪಟ್ಟಿಯ ಬಗೆಗೋ ಒಂದು ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಡುವುದು ಸೆಪ್ಟೆಂಬರಿನವರೆಗೆ ಓದಿದ ಪುಸ್ತಕಗಳೇ.