ತೊಟ್ಟಿಗೆ ಹೊಸ ನೀರು ಬಿಟ್ಟೊಡನೆ ಮೀನುಗಳು ತಳಮಳಿಸುವುದೇಕೆ?

ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಗಪ್ಪಿ ಮೀನನ್ನು ತೊಟ್ಟಿಗಳಲ್ಲಿ ಸಾಕಿ ಊರಿನ ಬಾವಿಗಳಿಗೆ ಬಿಡುವ ಪದ್ಧತಿಯು ನಮ್ಮಲ್ಲಿ ಹಲವು ಕಡೆ ಉಂಟು. ಮಕ್ಕಳ ಸಂತೋಷಕ್ಕೆಂದು ಮನೆಯೊಳಗೆ ಗಾಜಿನ ತೊಟ್ಟಿಯನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವವರೂ ಇದ್ದಾರೆ. ತೊಟ್ಟಿಯು ಸಿಮೆಂಟಿನದಾಗಲಿ ಗಾಜಿನದಾಗಲಿ, ದೂರು ಮಾತ್ರ ಒಂದೇ ಬಗೆಯದು: ನಿನ್ನೆಯವರೆಗೂ ಲವಲವಿಕೆಯಿಂದಿದ್ದ ಮೀನುಗಳು ನೀರು ಬದಲಾಯಿಸಿದ ಮೇಲೆ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದುವು ಎಂಬುದು.

ಕಳೆದ ಬೇಸಗೆಯಲ್ಲಿ ಸರ್ಕೀಟು ಹೋಗಿದ್ದಾಗ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಗ್ರಾಮದ ಯಜಮಾನರೊಬ್ಬರು ಹಿತ್ತಿಲಿನಲ್ಲಿ ೧೦೦೦ ಲೀಟರು ಹಿಡಿಯುವ ತೊಟ್ಟಿಯಲ್ಲಿ ಗಪ್ಪಿಗಳನ್ನು ಸಾಕಿದ್ದರು. ಅಂದು ಬೆಳಿಗ್ಗೆ ತೊಟ್ಟಿಯನ್ನು ಪೂರ್ತಿಯಾಗಿ ಬರಿದುಮಾಡಿ, ತಿಕ್ಕಿ ತೊಳೆಯಿಸಿ, ನಲ್ಲಿಯ ನೀರನ್ನು ತುಂಬಿಸಿ ಮೀನುಗಳನ್ನು ಮರಳಿ ಬಿಟ್ಟರು. ಅರ್ಧ ಗಂಟೆಯೊಳಗೆ ಮೀನುಗಳು ಅಡ್ಡಾದಿಡ್ಡಿಯಾಗಿ ಓಡಿ, ಗೋಡೆಗೆ ತಾಕಿ, ಒಂದೊಂದಾಗಿ ಸಾಯತೊಡಗಿದುವು. ನೆರೆಮನೆಯವರೊಡನೆ ಗೋಡೆಯ ವ್ಯಾಜ್ಯವಿದ್ದುದರಿಂದ ಅವರೇ ವಿಷ ಹಾಕಿದರೆಂದು ಗುಲ್ಲೆದ್ದಿತು. ನಾನು ಹೋಗುವ ವೇಳೆಗೆ ಜನ ಸೇರಿ, ಪೋಲೀಸಿಗೆ ತಿಳಿಸುವ ಮಾತೂ ಹುಟ್ಟಿತ್ತು.

ನೀರುಗಂಟಿಯನ್ನು ಕರೆಸಿ, "ಮೇಲಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ದು ಯಾವಾಗಪ್ಪಾ?" ಎಂದು ಕೇಳಿದೆನು. "ಇವತ್ತು ಬೆಳಗಿನ ಜಾವ ಹಾಕಿದೆ ಸ್ವಾಮೀ" ಎಂದನು. ದನಗಳಿಗೆಂದು ಹಿಂದಿನ ದಿನವೇ ಕಲ್ಲುಬಾನಿಯಲ್ಲಿ ತುಂಬಿಟ್ಟಿದ್ದ ನೀರಿಗೆ ಉಳಿದ ಮೀನುಗಳನ್ನು ಸಾಗಿಸಿದೆವು. ಸಂಜೆಯ ಹೊತ್ತಿಗೆ ಅರ್ಧದಷ್ಟು ಚೇತರಿಸಿಕೊಂಡುವು. ಯಜಮಾನರು ತಾವಾಗಿಯೇ ನೆರೆಮನೆಗೆ ಹೋಗಿ ಮಾತನಾಡಿಸಿ ಬಂದರು.

ಆದುದರಿಂದ ಮನುಷ್ಯರ ಮೇಲೆ ಅಪವಾದ ಹೊರಿಸುವುದಕ್ಕೆ ಮುಂಚೆ ನೀರನ್ನು ವಿಚಾರಿಸತಕ್ಕದ್ದು. ಆ ವಿಚಾರಣೆಯಲ್ಲಿ ಮುಖ್ಯವಾದ ಸಾಕ್ಷಿಯು ಕಾಲ.

ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ತಳಮಳವುಂಟಾದರೆ, ಕ್ಲೋರಿನ್, ಶಾಖದ ವ್ಯತ್ಯಾಸ, ಪ್ರಾಣವಾಯುವಿನ ಕೊರತೆ ಎಂಬ ಮೂರನ್ನು ಮೊದಲು ಶಂಕಿಸಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠಪಕ್ಷ ೦.೨ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕದ ನಿಯಮ. ನಮಗೆ ಹಿತವಾದ ಈ ಪ್ರಮಾಣವೇ ಮೀನಿನ ಕಿವಿರುಗಳನ್ನು ಸುಡುವುದಕ್ಕೆ ಸಾಕು. ಕೊಳವೆ ಬಾವಿಯ ನೀರಿನಲ್ಲಿ ಕ್ಲೋರಿನ್ ಇರದಿದ್ದರೂ, ನೆಲದಾಳದಿಂದ ಬಂದುದರಿಂದ ಅದರಲ್ಲಿ ಕರಗಿದ ಪ್ರಾಣವಾಯುವು ಬಹಳ ಕಡಮೆಯಾಗಿರುವುದುಂಟು. ಹೊಸ ನೀರಿಗೂ ಹಳೆಯ ನೀರಿಗೂ ಶಾಖದಲ್ಲಿ ಎರಡು ಮೂರು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೂ ಮೀನು ಕಂಗೆಡುವುದು.

ಕೆಲವು ಗಂಟೆಗಳು ಕಳೆದಮೇಲೆ ತೊಂದರೆ ಕಂಡುಬಂದರೆ, ಬಹುಮಂದಿಗೆ ತಿಳಿಯದ ಕಾರಣವೊಂದುಂಟು. ತಿಂಗಳುಗಟ್ಟಲೆ ಬದಲಾಯಿಸದ ನೀರಿನಲ್ಲಿ ಮೀನಿನ ಮಲ ಮತ್ತು ಮಿಕ್ಕ ಆಹಾರದಿಂದ ಅಮೋನಿಯಾ ಕೂಡಿಕೊಂಡಿರುತ್ತದೆ. ಹಳೆಯ ನೀರು ಕ್ರಮೇಣ ಆಮ್ಲಗುಣಕ್ಕೆ ತಿರುಗುವುದರಿಂದ ಆ ಅಮೋನಿಯಾ ಬಹುಪಾಲು ನಿರಪಾಯವಾದ ರೂಪದಲ್ಲಿರುವುದು. ಅದಕ್ಕೆ ಬಯಲುಸೀಮೆಯ ಕ್ಷಾರಗುಣದ ಗಡಸು ನೀರನ್ನು ಒಮ್ಮೆಲೇ ಬೆರೆಸಿದರೆ ಅದೇ ಅಮೋನಿಯಾ ವಿಷವಾಗುವುದು. ೨೫ ಡಿಗ್ರಿ ಶಾಖದಲ್ಲಿ ನೀರಿನ ಪಿಎಚ್ ೭ ಇದ್ದಾಗ ಅಮೋನಿಯಾದಲ್ಲಿ ವಿಷರೂಪದ ಅಂಶವು ಶೇಕಡ ೧ಕ್ಕಿಂತಲೂ ಕಡಮೆ. ಪಿಎಚ್ ೮ ಆದಾಗ ಸುಮಾರು ಶೇಕಡ ೫. ೯ ಆದಾಗ ಮೂರರಲ್ಲೊಂದು ಪಾಲಿಗೂ ಮೀರುವುದು.

ಎರಡು ಮೂರು ದಿನಗಳಾದಮೇಲೆ ಮೀನುಗಳು ಸೊರಗಿದರೆ, ತೊಟ್ಟಿಯ ಗೋಡೆ, ಕಲ್ಲು, ಸೋಸುವ ಸ್ಪಂಜುಗಳಲ್ಲಿ ನೆಲೆಸಿ ಅಮೋನಿಯಾವನ್ನು ಅರಗಿಸುತ್ತಿದ್ದ ಸೂಕ್ಷ್ಮಜೀವಿಗಳನ್ನು ನಾವೇ ತಿಕ್ಕಿ ತೊಳೆದು ಹಾಳುಮಾಡಿದೆವೆಂದು ತಿಳಿಯತಕ್ಕದ್ದು. ಅತಿಯಾದ ಶುಚಿಯೂ ಇಲ್ಲಿ ದೋಷವೇ.

ಪರಿಹಾರಗಳು: ಮೊದಲು ನೀರು ಬಿಡುವುದನ್ನು ನಿಲ್ಲಿಸಬೇಕು. ಗಾಳಿಯ ಪಂಪು ಇದ್ದರೆ ನಡೆಸಬೇಕು. ಇಲ್ಲದಿದ್ದರೆ ಚೊಂಬಿನಿಂದ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಎರೆಯುತ್ತಿರಬೇಕು. ಕ್ಲೋರಿನ್ನಿನ ಶಂಕೆಯಿದ್ದರೆ ಸೋಡಿಯಂ ಥಯೋಸಲ್ಫೇಟನ್ನು ಕರಗಿಸಿ ಹಾಕುವುದು ಉತ್ತಮ. ಲೀಟರಿಗೆ ೧ ಮಿಲಿಗ್ರಾಂ ಕ್ಲೋರಿನ್ ಇದ್ದಲ್ಲಿ ೧೦೦೦ ಲೀಟರು ನೀರಿಗೆ ಸುಮಾರು ೭ ಗ್ರಾಂ ಸಾಕು. ಅಮೋನಿಯಾದ ಶಂಕೆಯಿದ್ದರೆ ಶೇಖರಿಸಿಟ್ಟ ಮಳೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಬಹುದು. ಆ ದಿನ ಆಹಾರ ಹಾಕಕೂಡದು. ಕಾರಣ ತಿಳಿಯದೆ ಅಂಗಡಿಯ ಔಷಧಗಳನ್ನು ಸುರಿಯುವುದರಿಂದ ಬದುಕುವ ಮೀನೂ ಸಾಯುವ ಸಂಭವವುಂಟು.

ಮುಂಜಾಗ್ರತೆಯು ಇನ್ನೂ ಸುಲಭವಾದುದು. ಒಂದು ಸಲಕ್ಕೆ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ನೀರನ್ನು ಬದಲಾಯಿಸಬಾರದು. ನಲ್ಲಿಯ ನೀರನ್ನು ಬಾಯಗಲದ ಪಾತ್ರೆಯಲ್ಲಿ ಬಿಸಿಲಿಗೆ ತೆರೆದಿಟ್ಟು, ಒಂದು ದಿನ ಕಳೆದಮೇಲೆ ಉಪಯೋಗಿಸಬೇಕು. ಕೊಳವೆ ಬಾವಿಯ ನೀರನ್ನು ಎತ್ತರದಿಂದ ಚಿಮುಕಿಸಿ ಬೀಳಿಸಿದರೆ ಗಾಳಿಯು ಬೆರೆಯುವುದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ಎಲ್ಲಕ್ಕಿಂತ ಮೇಲಾದ ಉಪಾಯವೆಂದರೆ, ಹೊಸ ನೀರನ್ನು ಒಂದು ಬಕೆಟ್ಟಿನಲ್ಲಿ ತೆಗೆದುಕೊಂಡು ಎರಡು ಮೀನುಗಳನ್ನು ಒಂದೆರಡು ಗಂಟೆ ಬಿಟ್ಟು ನೋಡುವುದು. ಅವು ನೆಮ್ಮದಿಯಾಗಿ ಈಜಿದರೆ ಕ್ಲೋರಿನ್ನಿನ ಭಯವು ಬಹುಮಟ್ಟಿಗೆ ಇಲ್ಲವೆಂದು ತಿಳಿದು ಮುಂದುವರಿಯಬಹುದು.

ಗ್ರಾಮದ ಯಜಮಾನರು ಮತ್ತೊಂದು ಏರ್ಪಾಡನ್ನು ಮಾಡಿದರೆ ಲೇಸು. ಬ್ಲೀಚಿಂಗ್ ಪುಡಿ ಹಾಕುವ ದಿನವನ್ನು ನೀರುಗಂಟಿಯು ಹಿಂದಿನ ದಿನವೇ ಊರಿಗೆಲ್ಲ ತಿಳಿಸುವಂತೆ ಕಟ್ಟುಮಾಡಬೇಕು. ಪುಡಿ ಹಾಕುವುದನ್ನು ಮಾತ್ರ ಎಂದಿಗೂ ನಿಲ್ಲಿಸಕೂಡದು. ಊರ ಜನರ ಆರೋಗ್ಯವು ಅದನ್ನು ಅವಲಂಬಿಸಿದೆ. ಒಂದು ಮಾತು ಮುಂಚಿತವಾಗಿ ತಿಳಿದಿದ್ದರೆ ಮೀನೂ ಉಳಿಯುವುದು, ನೆರೆಹೊರೆಯವರ ಸ್ನೇಹವೂ ಉಳಿಯುವುದು.